ಜೋಳಿಗೆಗೆ ಗುಂಟೆ ಹಾಕಿರಿ



ಈ ಸಲದ ಸಂಪಾದಕೀಯವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಕಿರಿಯ ಇಂಜಿನಿಯರ್. ಮಸ್ಕಿ ಸೀಮೆಯ ಒಂದು ಹಳ್ಳಿಯ ಶಾಲೆಗೆ ಎರಡು ಕೋಣೆ ಮಂಜೂರಾಗಿದ್ದವು, ಜಾಗ ಗುರುತು ಹಾಕಲು ಹೋಗಿದ್ದೆ. ಶಾಲೆಗೆ ಇದ್ದದ್ದು ಒಂದು ಎಕರೆ ಚಿಲ್ಲರೆ ನೆಲ. ಮೂಲೆಯಲ್ಲಿ ಅಗೆಸಿ ನೋಡಿದರೆ ಎಂಟು ಅಡಿ ಹೋದರೂ ಕರಿಮಣ್ಣೇ. ಆ ಎರೆಯಲ್ಲಿ ಬುನಾದಿ ಹಾಕಿದರೆ ಅಂದಾಜುಪಟ್ಟಿಯ ಅರ್ಧ ಹಣ ನೆಲದೊಳಗೇ ಮುಗಿಯುತ್ತಿತ್ತು. ನಡುವೆ ಅಗೆಸಿದಾಗ ಮೂರೂವರೆ ಅಡಿಗೆ ಗಟ್ಟಿ ಗರಸು ಸಿಕ್ಕಿತು. ಅಲ್ಲಿ ಖೋ-ಖೋ ಕಂಬ ನಿಲ್ಲಿಸುವ ಎರಡು ಕುಣಿಗಳಿದ್ದವು. ನಾನು ನೋಡಲಿಲ್ಲವೆಂದಲ್ಲ, ನೋಡಿಯೇ ಅವುಗಳ ಮೇಲೆ ಸುಣ್ಣದ ಗೆರೆ ಎಳೆಸಿದೆ. ಖರ್ಚು ಉಳಿಸಿದ್ದಕ್ಕೆ ಮೇಲಿನವರು ಬೆನ್ನು ತಟ್ಟಿದರು.

ಕಳೆದ ವರ್ಷ ಶ್ರಾವಣದ ಪ್ರವಚನಕ್ಕೆಂದು ಅದೇ ಊರಿಗೆ ಹೋದೆ. ಪ್ರಸಾದ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದಾಗ ಹಿರಿಯರೊಬ್ಬರು ಹತ್ತಿರ ಬಂದು, "ಸಾಹೇಬ್ರ, ನೀವ ಅಲ್ಲೇನ್ರಿ ನಮ್ಮ ಸಾಲಿ ಬಯಲಾಗ ಖೋಲಿ ಹಾಕ್ಸಿದವ್ರು?" ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ, ಗುರುತು ಹಿಡಿದ ಸಂತೋಷದಿಂದಲೇ ಕೇಳಿದರು. ಕೋಣೆಗಳು ಇನ್ನೂ ಗಟ್ಟಿಯಾಗಿವೆ, ಒಂದು ಬಿರುಕಿಲ್ಲ. ಅವುಗಳ ಎಡಕ್ಕೆ ಹನ್ನೆರಡು ಮೀಟರ್, ಬಲಕ್ಕೆ ಹದಿನಾಲ್ಕು ಮೀಟರ್ ಜಾಗ ಉಳಿದಿದೆ. ಎರಡರಲ್ಲಿ ಯಾವುದರಲ್ಲೂ ಒಂದು ಖೋ-ಖೋ ಅಂಕಣ ಕೂಡುವುದಿಲ್ಲ. ಮಕ್ಕಳು ಊರ ಹೊರಗಿನ ಡಾಂಬರು ರಸ್ತೆಯಲ್ಲಿ ಓಡುವ ಅಭ್ಯಾಸ ಮಾಡುತ್ತಾರಂತೆ. ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಶುರುವಾದರೆ ಅದೂ ಬಂದ್. ಹೆಣ್ಣುಮಕ್ಕಳನ್ನಂತೂ ಯಾರೂ ರಸ್ತೆಗೆ ಕಳಿಸುವುದಿಲ್ಲ. ಆ ಊರಿನ ಎಷ್ಟು ಹುಡುಗಿಯರ ಆಟವನ್ನು ನಾನು ಒಂದು ಬುಟ್ಟಿ ಸುಣ್ಣದಲ್ಲಿ ನಿಲ್ಲಿಸಿದೆನೋ ಎಂದು ಅಂದು ರಾತ್ರಿ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಆ ಶಾಲೆಗೆ ಇನ್ನೆರಡು ಎಕರೆ ಕೊಡಿಸಬೇಕೆಂದು ಅಂದಿನಿಂದ ಓಡಾಡುತ್ತಿದ್ದೇನೆ. ಓಡಾಡುತ್ತ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕುಗಳ ಬಹಳಷ್ಟು ಶಾಲೆಗಳನ್ನು ಕಂಡೆ. ನನ್ನಂಥ ಇಂಜಿನಿಯರುಗಳು ಬಹಳ ಮಂದಿ ಇದ್ದಾರೆಂದು ತಿಳಿಯಿತು. ಕೋಣೆ ಮಂಜೂರಾದಾಗಲೆಲ್ಲ ಆಟದ ಬಯಲು ಒಂದೊಂದು ತುಂಡು ಕಳೆದುಕೊಂಡಿದೆ. ಅಡುಗೆ ಕೋಣೆ ಒಂದು ಮೂಲೆಗೆ, ನೀರಿನ ಟ್ಯಾಂಕು ಇನ್ನೊಂದಕ್ಕೆ, ಅಂಗನವಾಡಿ ಮತ್ತೊಂದಕ್ಕೆ. ಪ್ರತಿಯೊಂದೂ ಬೇಕಾದದ್ದೇ. ಆದರೆ ಬಯಲಿಗೆ ಕಡತವಿಲ್ಲ, ಅಂದಾಜುಪಟ್ಟಿಯಿಲ್ಲ, ಉದ್ಘಾಟನೆಯ ಕಲ್ಲಿಲ್ಲ. ಆದ್ದರಿಂದ ಅದು ಖಾಲಿ ಜಾಗವೆಂದೇ ನಮ್ಮ ಕಣ್ಣಿಗೆ ಕಾಣುತ್ತದೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ನಾನು ಚಿಕ್ಕವನಿದ್ದಾಗ ಮೈದಾನ ಎಂಬ ಮಾತೇ ನಮಗೆ ಬೇಕಿರಲಿಲ್ಲ. ಹಿಂಗಾರಿ ಜೋಳ ಕಿತ್ತ ಮೇಲೆ ಮಿರಗದ ಮಳೆ ಬರುವ ತನಕ ಊರ ಸುತ್ತಲಿನ ಎರೆಯೆಲ್ಲ ಬಯಲೇ. ಕಣದಲ್ಲಿ ಕಬಡ್ಡಿ, ಹೊಲದಲ್ಲಿ ಚಿಣ್ಣಿದಾಂಡು. ಯಾರೂ ಯಾರನ್ನೂ ಅಡ್ಡಗಟ್ಟುತ್ತಿರಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಬಂತು. ಜೋಳದ ನೆಲ ಭತ್ತದ ಗದ್ದೆಯಾಯಿತು, ಕ್ಯಾಂಪುಗಳೆದ್ದವು, ಅಕ್ಕಿ ಗಿರಣಿಗಳು ಬಂದವು. ಲಿಂಗಸುಗೂರಿನ ಕಡೆ ನಾರಾಯಣಪುರ ಬಲದಂಡೆಯ ನೀರು ಹರಿಯಿತು. ಆ ನೀರಿನಿಂದಲೇ ನಾನು ಓದಿದೆ, ಅದನ್ನು ದೂಷಿಸಲಾರೆ. ಆದರೆ ನೀರು ನಿಂತ ಗದ್ದೆಯಲ್ಲಿ ಮಕ್ಕಳು ಓಡಲಾರರು. ನೆಲಕ್ಕೆ ಬೆಲೆ ಬಂದ ಮೇಲೆ ಬದುವಿನ ಪಕ್ಕದ ಒಂದು ಗೇಣು ಜಾಗವನ್ನೂ ಯಾರೂ ಬಿಡಲಿಲ್ಲ. ಲಿಂಗಸುಗೂರು, ಸಿಂಧನೂರು, ಮಾನ್ವಿಯ ಹಳ್ಳಿಗಳನ್ನು ಸೇರಿಸಿ ಮಸ್ಕಿ ತಾಲ್ಲೂಕಾದಾಗ ನಾವೆಲ್ಲ ಪಟಾಕಿ ಹಾರಿಸಿದೆವು. ಹೊಸ ತಾಲ್ಲೂಕೆಂದರೆ ಹೊಸ ಕಚೇರಿಗಳು. ಕಚೇರಿಗೆ ಜಾಗ ಹುಡುಕುವವರ ಕಣ್ಣು ಎಲ್ಲ ಊರಿನಲ್ಲೂ ಮೊದಲು ಬೀಳುವುದು ಶಾಲೆಯ ಬಯಲಿನ ಮೇಲೆ ಎಂಬುದನ್ನು ನಾನು ಸೇವೆಯಲ್ಲಿದ್ದಾಗಲೇ ಕಂಡವನು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಬೇಕಾದವುಗಳ ಪಟ್ಟಿಯಿದೆ. ಕುಡಿಯುವ ನೀರು, ಶೌಚಾಲಯ, ಕಾಂಪೌಂಡ್ ಇವುಗಳ ಜೊತೆ ಆಟದ ಮೈದಾನವೂ ಇದೆ. ಎಷ್ಟು ದೊಡ್ಡದು ಎಂಬುದು ಅಲ್ಲಿಲ್ಲ. ಹೀಗಾಗಿ ಧ್ವಜಕಂಬದ ಸುತ್ತಲಿನ ಅಂಗಳವನ್ನೇ ಮೈದಾನವೆಂದು ಬರೆದುಕೊಳ್ಳಲು ಅಡ್ಡಿಯಿಲ್ಲ. ಎಷ್ಟು ಬೇಕೆಂಬುದನ್ನು ನಾವೇ ಟೇಪು ಹಿಡಿದು ಹೇಳಬೇಕು. ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿರಿ.

ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಕಬಡ್ಡಿ 13ಕ್ಕೆ 10. ವಾಲಿಬಾಲ್ 18ಕ್ಕೆ 9. ಇವುಗಳ ಸುತ್ತ ಮೂರು ಮೂರು ಮೀಟರ್ ಬಿಟ್ಟು ಲೆಕ್ಕ ಹಾಕಿದರೂ ಮೂರೂ ಸೇರಿ ಅರ್ಧ ಎಕರೆಯೊಳಗೇ ಮುಗಿಯುತ್ತವೆ. ಜಾಗ ತಿನ್ನುವುದು ಓಟ. 400 ಮೀಟರಿನ ಪೂರ್ಣ ಟ್ರ್ಯಾಕಿಗೆ ನಾಲ್ಕು ಎಕರೆ ಬೇಕು, ಅದು ತಾಲ್ಲೂಕು ಕ್ರೀಡಾಂಗಣದ ಮಾತು. ಹಳ್ಳಿಯ ಶಾಲೆಗೆ ಅದನ್ನು ಕೇಳುವುದು ಹಟವಾದೀತು. ಆರು ಸಾಲಿನ 200 ಮೀಟರ್ ಟ್ರ್ಯಾಕಾದರೆ 47 ಗುಂಟೆಯಲ್ಲಿ ಕೂಡುತ್ತದೆ, ಅದರ ಹೊಟ್ಟೆಯೊಳಗೇ ಕಬಡ್ಡಿ, ಖೋ-ಖೋ ಎರಡೂ ಸೇರುತ್ತವೆ. ಅಂಚು, ಗಿಡಗಳ ಸಾಲು, ನೀರು ಹೋಗುವ ಗಟಾರ ಎಲ್ಲ ಸೇರಿ ಎರಡು ಎಕರೆ ಎಂದು ನಾನು ಹೇಳುವುದು ಈ ಲೆಕ್ಕದಿಂದ.

ಅದಕ್ಕಿಂತ ದೊಡ್ಡ ಮಾತು ಆಕಾರದ್ದು. ದಾನ ಕೊಡುವವರು ತಮಗೆ ಬೇಡವಾದ ಮೂಲೆ ಕೊಡುತ್ತಾರೆ, ನಾವು ಕೈಮುಗಿದು ತೆಗೆದುಕೊಳ್ಳುತ್ತೇವೆ. ಎರಡು ಎಕರೆ ಚೌಕವಾಗಿದ್ದರೆ ಅದರ ಬದಿ 90 ಮೀಟರ್. ನೂರು ಮೀಟರ್ ಓಟ ಅದರಲ್ಲಿ ನೇರವಾಗಿ ಹಿಡಿಸುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಬಹುದು, ಆದರೆ ಉಳಿದ ಅಂಕಣಗಳೆಲ್ಲ ದಾರಿಗೆ ಅಡ್ಡ ಬರುತ್ತವೆ. ಅದೇ ಎರಡು ಎಕರೆಯನ್ನು 140 ಮೀಟರ್ ಉದ್ದ, 58 ಮೀಟರ್ ಅಗಲದ ಪಟ್ಟಿಯಾಗಿ ಪಡೆದರೆ ಓಟವೂ ಆಯಿತು, ಗೆರೆ ದಾಟಿದ ಮಗು ನಿಲ್ಲಲು ಮೂವತ್ತು ಮೀಟರ್ ಜಾಗವೂ ಸಿಕ್ಕಿತು. ಉದ್ದ ಉತ್ತರ-ದಕ್ಷಿಣಕ್ಕಿದ್ದರೆ ಬೆಳಗಿನ, ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಸರ್ವೆಯವರು ಕಲ್ಲು ನೆಡುವ ಮೊದಲೇ ಇದನ್ನು ಹೇಳಿರಿ, ಆಮೇಲೆ ಹೇಳಿ ಪ್ರಯೋಜನವಿಲ್ಲ.

ಜಾಗ ಸಿಕ್ಕರೆ ಮುಗಿಯಲಿಲ್ಲ. ನಮ್ಮ ಎರೆ ಬೇಸಿಗೆಯಲ್ಲಿ ಅಂಗೈ ಅಗಲ ಬಾಯಿ ಬಿಡುತ್ತದೆ, ಓಡುವ ಮಗುವಿನ ಪಾದ ಸಿಕ್ಕಿದರೆ ಎಲುಬು ಮುರಿಯುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಕಾಲಿಗೆ ಬೆಲ್ಲದಂತೆ ಅಂಟುತ್ತದೆ. ಅದಕ್ಕೆ ಅರ್ಧ ಅಡಿ ಗರಸು ಹಾಸಿ, ನೀರು ಹೊಡೆದು, ರೋಲರ್ ಹಾಯಿಸಬೇಕು. ನಡುವೆ ಎತ್ತರ, ಎರಡೂ ಬದಿಗೆ ಇಳಿಜಾರು, ನೂರಕ್ಕೆ ಒಂದರಂತೆ. 58 ಮೀಟರ್ ಅಗಲಕ್ಕೆ ನಡುವೆ 29 ಸೆಂಟಿಮೀಟರ್ ಏರಿದರೆ ಸಾಕು. ಪೂರ್ತಿ ಎರಡು ಎಕರೆಗೆ ಹಾಸಿದರೆ 400ಕ್ಕೂ ಮಿಕ್ಕಿ ಟ್ರಾಲಿ ಗರಸು ಬೇಕಾದೀತು. ಓಟದ ಪಟ್ಟಿ, ಅಂಕಣಗಳಿಗಷ್ಟೇ ಹಾಸಿದರೆ 150ರಲ್ಲಿ ಮುಗಿಯುತ್ತದೆ. ಊರಿನಲ್ಲಿ ಮೂವತ್ತು ಟ್ರ್ಯಾಕ್ಟರುಗಳಿದ್ದರೆ ತಲಾ ಐದು ಟ್ರಿಪ್. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯಲು ನೂಕುನುಗ್ಗಲು ಮಾಡುವ ನಮ್ಮ ಜನಕ್ಕೆ ಇದು ದೊಡ್ಡದಲ್ಲ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಶಾಲೆಯ ಅಂಕಣ, ಕಾಂಪೌಂಡ್ ಮಾಡಿಸಿಕೊಂಡ ಪಂಚಾಯಿತಿಗಳೂ ನಮ್ಮ ನಾಡಿನಲ್ಲಿವೆ.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಆ ಎರಡು ಎಕರೆ ಯಾರದ್ದು?

ಎಲ್ಲರೂ ಮೊದಲು ಹೇಳುವುದು ಸರಕಾರಿ ಗಾಯರಾಣ. ಕಂದಾಯ ಕಾಯ್ದೆಯ 71ನೆಯ ಕಲಮಿನಡಿ ಜಿಲ್ಲಾಧಿಕಾರಿಗಳು ಸರಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಬಹುದು, ಒಮ್ಮೆ ಕಾಯ್ದಿರಿಸಿದ್ದನ್ನು ಅವರ ಅನುಮತಿಯಿಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಎಸ್.ಡಿ.ಎಂ.ಸಿ. ಠರಾವು ಮಾಡಿ, ಸರ್ವೆ ನಂಬರು, ನಕ್ಷೆ ಸಮೇತ ತಹಸೀಲ್ದಾರರಿಗೆ ಅರ್ಜಿ ಕೊಟ್ಟರೆ ಅದು ಲಿಂಗಸುಗೂರಿನ ಸಹಾಯಕ ಆಯುಕ್ತರ ಮೂಲಕ ರಾಯಚೂರಿಗೆ ಹೋಗುತ್ತದೆ. ಶಾಲೆಯ ಬಳಿ ನಿಜಕ್ಕೂ ಖಾಲಿ ಗಾಯರಾಣವಿದ್ದರೆ ಈ ದಾರಿ ಹಿಡಿಯಿರಿ. ಆದರೆ ಒಂದು ಸಲ ಪಹಣಿ ಬಿಟ್ಟು ನೆಲ ನೋಡಿಬನ್ನಿರಿ. ಕಾಗದದಲ್ಲಿ ಗಾಯರಾಣ ಎಂದಿರುವ ನೆಲದಲ್ಲಿ ಬಹಳ ಕಡೆ ಭೂಮಿಯಿಲ್ಲದ ಮಾದಿಗರ, ಚಲವಾದಿಗರ, ಬೇಡರ ಮನೆತನಗಳು ಎರಡು ತಲೆಮಾರಿನಿಂದ ಉಳುಮೆ ಮಾಡುತ್ತಿವೆ. ನಮೂನೆ 50, 53, 57 ಎಂದು ಅರ್ಜಿ ಹಾಕಿ ಹಾಕಿ ಕಚೇರಿಯ ಮೆಟ್ಟಿಲು ಸವೆಸಿದವರು ಅವರು. ಉಳಿದ ಗಾಯರಾಣ ದನಕುರಿಗಳದ್ದು. ನೂರು ದನಕ್ಕೆ 12 ಹೆಕ್ಟೇರ್, ಅಂದರೆ 30 ಎಕರೆ ಕಾವಲು ಬಿಡಬೇಕೆಂದು ಕಂದಾಯ ನಿಯಮವೇ ಹೇಳುತ್ತದೆ. ಶಾಲೆಯ ಹೆಸರು ಹೇಳಿ ಬಡವನೊಬ್ಬನ ಒಂದೂವರೆ ಎಕರೆ ಬಿಡಿಸಿದರೆ ಅದನ್ನು ಬಸವಣ್ಣನವರ ಹೆಸರಿನ ಸಂಘಟನೆಗಳು ಬೆಂಬಲಿಸಬಾರದು. ಒಂದು ಊರಿನಲ್ಲಿ ಇಂಥದೇ ಠರಾವಿಗೆ ನನ್ನ ಸಹಿ ಕೇಳಿದರು. ಠರಾವು ಬರೆದವರ ಮನೆಗೆ ನಲವತ್ತು ಎಕರೆ ನೀರಾವರಿ ಇತ್ತು. ಸಹಿ ಮಾಡದೆ ಚಹಾ ಕುಡಿದು ಎದ್ದುಬಂದೆ.

ಇನ್ನು ದಾನದ ನೆಲ. ನಮ್ಮ ಹಳ್ಳಿಗಳ ಶಾಲೆಗಳಲ್ಲಿ ಬಹಳಷ್ಟು ನಿಂತಿರುವುದೇ ದಾನದ ನೆಲದ ಮೇಲೆ. ಅಜ್ಜ ಬಾಯಿಮಾತಿನಲ್ಲಿ ಕೊಟ್ಟ, ಊರವರು ಶಾಲು ಹೊದಿಸಿದರು. ಪಹಣಿಯ 9ನೆಯ ಕಾಲಮಿನಲ್ಲಿ ಇವತ್ತಿಗೂ ಅಜ್ಜನ ಹೆಸರೇ ಇದೆ. ಅಜ್ಜ ಲಿಂಗೈಕ್ಯನಾಗಿ ನಲವತ್ತು ವರ್ಷವಾದ ಮೇಲೆ ಮೊಮ್ಮಕ್ಕಳು ಪೌತಿ ಖಾತೆ ಮಾಡಿಸಿಕೊಂಡು ಮೈದಾನಕ್ಕೆ ಬೇಲಿ ಹಾಕುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ. ಸ್ಥಿರಾಸ್ತಿಯ ದಾನ ನೋಂದಣಿಯಾಗದಿದ್ದರೆ, ಪಡೆದವರು ಒಪ್ಪಿಕೊಳ್ಳದಿದ್ದರೆ ಕಾನೂನಿನ ಕಣ್ಣಿಗೆ ಅದು ದಾನವೇ ಅಲ್ಲ. ವಿನೋಬಾ ಭಾವೆಯವರು 1951ರ ಏಪ್ರಿಲಿನಲ್ಲಿ ಪೋಚಂಪಳ್ಳಿಯಲ್ಲಿ ಭೂದಾನ ಆರಂಭಿಸಿದಾಗ ಅದೂ ನಮ್ಮ ರಾಯಚೂರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ದೇಶದಲ್ಲೆಲ್ಲ ಲಕ್ಷಾಂತರ ಎಕರೆ ದಾನ ಬಂತು, ಅದರಲ್ಲಿ ಬಹಳಷ್ಟು ಕಾಗದದ ಸೋಲಿನಿಂದ ಬಡವರ ಕೈ ಸೇರಲೇ ಇಲ್ಲ. ಆದ್ದರಿಂದ ಹಾರ ತುರಾಯಿ ಆಮೇಲೆ. ಮೊದಲು ಪೌತಿ ಖಾತೆ, ನಂತರ 11-ಇ ನಕ್ಷೆ, ನಂತರ ಉಪನೋಂದಣಿ ಕಚೇರಿಯಲ್ಲಿ ದಾನಪತ್ರ, ಅದರಲ್ಲಿ "ಶಾಲೆಯ ಆಟದ ಮೈದಾನಕ್ಕೆ ಮಾತ್ರ" ಎಂಬ ಮಾತು, ಕೊನೆಗೆ ಮ್ಯುಟೇಶನ್. ಹೆಣ್ಣುಮಕ್ಕಳ ಸಹಿ ಮರೆಯಬೇಡಿರಿ. ರಾಜ್ಯದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳೂ ಸಮಪಾಲುದಾರಳು. ಅಕ್ಕತಂಗಿಯರನ್ನು ಕೇಳದೆ ಅಣ್ಣತಮ್ಮಂದಿರು ಬರೆದುಕೊಟ್ಟ ದಾನಪತ್ರ ಒಂದು ದಿನ ಕೋರ್ಟಿಗೆ ಹೋಗುತ್ತದೆ.

ಮೂರನೆಯದು ನಮ್ಮದೇ ನೆಲ. ಇದನ್ನು ಬರೆಯಲು ನನಗೆ ಹಿತವಿಲ್ಲ, ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆದದ್ದು ಸುಳ್ಳಾಗುತ್ತದೆ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಕಟ್ಟಿದರು. ಅಂಥವರ ಹೆಸರನ್ನು ಪ್ರತಿ ಸಭೆಯಲ್ಲೂ ನಾವು ಹೇಳುತ್ತೇವೆ. ಹೇಳಿದ ಮೇಲೆ ನಮ್ಮ ಸೀಮೆಯಲ್ಲಿ ನಮ್ಮವರೇ ನಡೆಸುವ ಶಾಲೆಗಳ ಹಿಂದಕ್ಕೆ ಹೋಗಿ ನೋಡಿರಿ. ರಸ್ತೆಯ ಬದಿಗೆ ಮಳಿಗೆಗಳು, ಅವುಗಳ ಹಿಂದೆ ಕಲ್ಯಾಣ ಮಂಟಪ, ಅದರ ಹಿಂದೆ ಮೂರು ಅಂತಸ್ತಿನ ಶಾಲೆ, ಅದರ ಹಿಂದೆ ಬಸ್ಸು ನಿಲ್ಲಿಸುವ ಜಾಗ. ಸಂಸ್ಥೆ ನಡೆಯಲು ಬಾಡಿಗೆ ಬೇಕು ಎನ್ನುತ್ತಾರೆ. ಒಪ್ಪುತ್ತೇನೆ, ಲೆಕ್ಕ ನನಗೂ ಬರುತ್ತದೆ. ಹಾಗಿದ್ದರೆ ಮಳಿಗೆಯ ಬಾಡಿಗೆಯಲ್ಲಿ ಊರ ಹೊರಗೆ ಎರಡು ಎಕರೆ ಏಕೆ ಕೊಂಡಿಲ್ಲ? ಕೆಲವು ಮಠಗಳ ಹೊಲಗಳು ಸರಕಾರಿ ಶಾಲೆಯ ಗೋಡೆಗೆ ಹತ್ತಿಕೊಂಡೇ ಇವೆ, ಲಾವಣಿಗೆ ಹೋಗುತ್ತಿವೆ. ಪೂಜ್ಯರು ಮನಸ್ಸು ಮಾಡಿದರೆ ನಾಳೆಯೇ ಆಗುವ ಕೆಲಸ. ನಮ್ಮ ಪತ್ರಿಕೆ ಮಠಗಳ ಮೂಲಕವೇ ನಿಮ್ಮ ಕೈ ಸೇರುತ್ತದೆ ಎಂಬುದನ್ನು ಬಲ್ಲೆ. ಆದರೂ ಇದನ್ನು ಇಲ್ಲಿ ಕೇಳದೆ ಇನ್ನೆಲ್ಲಿ ಕೇಳಲಿ?

ಪೇಟೆಯ ಮಾತು ಬೇರೆ. ಸಿಂಧನೂರಿನ ಸುತ್ತ ಗದ್ದೆಗಳು ಪ್ಲಾಟುಗಳಾಗುತ್ತಿವೆ. ಪ್ರತಿ ಬಡಾವಣೆಯ ನಕ್ಷೆಯಲ್ಲೂ ಉದ್ಯಾನ, ಬಯಲು ಎಂದು ಹಸಿರು ಬಣ್ಣದ ತುಂಡುಗಳಿರುತ್ತವೆ. ಅವು ಎಲ್ಲಿವೆ, ಎಷ್ಟಿವೆ ಎಂದು ನಿವಾಸಿಗಳು ಕೇಳುವುದಿಲ್ಲ. ಆ ಹಸಿರನ್ನು ಉಳಿಸಲು ರಾಜ್ಯದಲ್ಲಿ 1985ರಿಂದ ಉದ್ಯಾನ, ಆಟದ ಬಯಲುಗಳ ಸಂರಕ್ಷಣಾ ಕಾಯ್ದೆಯೇ ಇದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳೇ ಕೋರ್ಟಿಗೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಹರಿಯಾಣದ ಯಮುನಾನಗರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಾಲೆಗೆ, ಅದರ ಆಟದ ಬಯಲಿಗೆ ಬಿಟ್ಟ ನೆಲ ಒತ್ತುವರಿಯಾಗಿತ್ತು. ಮಾರುಕಟ್ಟೆ ದರ ಕಟ್ಟಿಸಿಕೊಂಡು ಒತ್ತುವರಿಯನ್ನು ಸಕ್ರಮ ಮಾಡಬಹುದೆಂದು ಅಲ್ಲಿನ ಹೈಕೋರ್ಟು ದಾರಿ ತೋರಿಸಿತ್ತು. 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿ, ಆಟದ ಮೈದಾನವಿಲ್ಲದ ಶಾಲೆ ಇರಲಾಗದು ಎಂದು ಹೇಳಿ, ತೆರವಿಗೆ ಹನ್ನೆರಡು ತಿಂಗಳು ಕೊಟ್ಟಿತು. ನಮ್ಮ ನಾಡಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಆ ಪೀಠದಲ್ಲಿದ್ದರು. ಈ ಎರಡು ತೀರ್ಪುಗಳ ಪ್ರತಿ ಪ್ರತಿಯೊಂದು ಬಸವ ಕೇಂದ್ರದ ಕಪಾಟಿನಲ್ಲಿರಲಿ.

ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳನ್ನು ನಮ್ಮ ಸೀಮೆಯವರಿಗೆ ಪರಿಚಯಿಸಬೇಕಿಲ್ಲ. ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದರು. ಕೇಳಿದ್ದು ಕಾಳು ಕಡಿಯಲ್ಲ, ಕಾಸಲ್ಲ. ನಿಮ್ಮ ಕುಡಿತ ಹಾಕಿರಿ, ಗುಟಕಾ ಹಾಕಿರಿ, ಬೀಡಿ ಹಾಕಿರಿ ಎಂದರು. ಜೋಳಿಗೆಗೆ ಹೊಸ ಅರ್ಥ ಬಂತು. ವ್ಯಸನ ಬಿಟ್ಟ ಹುಡುಗ ಸಂಜೆ ಐದರ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ನನ್ನನ್ನು ಆಗಾಗ ಕಾಡುತ್ತದೆ. ಈಗ ಅವನು ಹೋಗುವುದು ಪಾನ್ ಅಂಗಡಿಯ ಮುಂದಿನ ಬೆಂಚಿಗೆ, ಕೈಯಲ್ಲಿ ಮೊಬೈಲು. ಆ ಜೋಳಿಗೆಯನ್ನು ಈ ವರ್ಷ ಗುಂಟೆಗಳಿಗಾಗಿ ಹಿಡಿಯೋಣ ಎಂಬುದು ನನ್ನ ಬಿನ್ನಹ. ಎರಡು ಎಕರೆ ಎಂದರೆ 80 ಗುಂಟೆ. ಶಾಲೆಗೆ ಹೊಂದಿದ ನೆಲ ಇರುವ ರೈತ ಅಷ್ಟೂ ಪುಕ್ಕಟೆ ಕೊಡಲಾರ, ಕೊಡಬೇಕೆಂದು ಕೇಳುವುದೂ ನ್ಯಾಯವಲ್ಲ. ಆತ ಹತ್ತು ಗುಂಟೆ ಬಿಡಲಿ. ಉಳಿದ ಎಪ್ಪತ್ತನ್ನು ಊರವರು ಗುಂಟೆಯ ಲೆಕ್ಕದಲ್ಲಿ ಕೊಂಡು ಶಾಲೆಗೆ ಬರೆಸಲಿ. ಸಿಂಧನೂರಿನ ಗಿರಣಿಯವರು ಐದು, ಬೆಂಗಳೂರಿನಲ್ಲಿ ನೌಕರಿ ಮಾಡುವ ಹಳೆಯ ವಿದ್ಯಾರ್ಥಿ ಒಂದು, ಸ್ವಸಹಾಯ ಸಂಘದ ತಾಯಂದಿರು ಸೇರಿ ಒಂದು. ಮದುವೆಯಲ್ಲಿ ಊಟಕ್ಕೆ ಒಂದು ಬಗೆಯ ಸಿಹಿ ಕಡಿಮೆ ಮಾಡಿದ ಮನೆಯವರು ಅರ್ಧ.

ನನ್ನ ಆ ಊರಿನ ಕತೆ ಎಲ್ಲಿಗೆ ಬಂತೆಂದು ಹೇಳಿ ಮುಗಿಸುತ್ತೇನೆ. ಶಾಲೆಯ ಪಶ್ಚಿಮಕ್ಕೆ ಹೊಂದಿದ ಹೊಲದ ಒಡೆಯರು 12 ಗುಂಟೆ ದಾನವಾಗಿ, ಒಂದು ಎಕರೆ 28 ಗುಂಟೆ ಕ್ರಯಕ್ಕೆ ಕೊಡಲು ಒಪ್ಪಿದ್ದಾರೆ. ಪಟ್ಟಿ 140 ಮೀಟರ್ ಉದ್ದ ಬರುತ್ತದೆ, ನಾನೇ ಅಳೆದೆ. ಪಹಣಿ ಅವರ ತಂದೆಯ ಹೆಸರಿನಲ್ಲಿತ್ತು, ಪೌತಿ ಖಾತೆ ಈಗ ಆಗಿದೆ. ಮೂವರು ಗಂಡುಮಕ್ಕಳು ಒಪ್ಪಿದರು. ಗಂಗಾವತಿಗೆ ಕೊಟ್ಟ ಮಗಳ ಸಹಿಗಾಗಿ ಅವರ ಮನೆಗೆ ಹೋದೆವು. ಆ ತಾಯಿ ಕಾಗದ ಪೂರ್ತಿ ಓದಿಸಿ ಕೇಳಿಕೊಂಡು, "ಸರ್, ನಾನು ಏಳನೇತ್ತ ಇದ್ದಾಗ ಆ ಖೋಲಿ ಕಟ್ಟಿದ್ರು. ಆ ವರ್ಷ ನಮ್ಮ ಟೀಮು ತಾಲೂಕಿಗೆ ಹೋಗೋದಿತ್ತು" ಎಂದರು. ನಾನು ಯಾರೆಂದು ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದಾನಪತ್ರದಲ್ಲಿ ಒಂದು ಮಾತು ಸೇರಿಸಿದರೆ ಸಹಿ ಹಾಕುತ್ತೇನೆ ಎಂದರು: ವಾರದಲ್ಲಿ ಮೂರು ದಿನ ಸಂಜೆ ಮೈದಾನ ಹೆಣ್ಣುಮಕ್ಕಳದ್ದು.

ವಕೀಲರು ಆ ಮಾತನ್ನು ಕರಡಿನಲ್ಲಿ ಸೇರಿಸಿದ್ದಾರೆ. 11-ಇ ನಕ್ಷೆಗೆ ಅರ್ಜಿ ಕೊಟ್ಟಿದ್ದೇವೆ, ಸರ್ವೆಯವರು ಇನ್ನೂ ಬಂದಿಲ್ಲ. ಕ್ರಯದ 68 ಗುಂಟೆಗಳಲ್ಲಿ ಈ ಸಂಪಾದಕೀಯ ಬರೆಯುವ ಹೊತ್ತಿಗೆ 41ಕ್ಕೆ ಜನ ಸಿಕ್ಕಿದ್ದಾರೆ, ಅದರಲ್ಲಿ ನಾಲ್ಕು ನನ್ನ ಪಿಂಚಣಿಯ ಗಂಟಿನಿಂದ. ಇನ್ನು 27 ಬೇಕು.